ಕಡತವಿದ್ದೂ ಕಾಣದಿರುವುದೇಕೆ?

ದಾದರಿನಲ್ಲಿ ಪಶ್ಚಿಮ ರೈಲ್ವೆ ಮತ್ತು ಮಧ್ಯ ರೈಲ್ವೆಗಳ ನಿಲ್ದಾಣಗಳು ಅಕ್ಕಪಕ್ಕದಲ್ಲಿಯೇ ಇರುವುದು ಮುಂಬಯಿವಾಸಿಗಳಿಗೆಲ್ಲ ತಿಳಿದ ಸಂಗತಿ. 2023ರ ಡಿಸೆಂಬರ್ ತಿಂಗಳವರೆಗೆ ಎರಡರಲ್ಲಿಯೂ ಒಂದನೆಯ ಪ್ಲಾಟ್‌ಫಾರ್ಮ್ ಇದ್ದಿತು. ಗುರುತು ಹೇಳಿದವನ ಮಾತು ಸುಳ್ಳಲ್ಲ. ಕೇಳಿ ಹೋದವನ ಕಿವಿಯಲ್ಲಿಯೂ ದೋಷವಿಲ್ಲ. ಆದರೂ ಒಬ್ಬರು ಮತ್ತೊಬ್ಬರಿಗೆ ಸಿಕ್ಕದೆ ಹೋಗುವುದು ಸಾಧ್ಯವಿದ್ದಿತು. ಆ ತಿಂಗಳು ಮಧ್ಯ ರೈಲ್ವೆಯ ಪ್ಲಾಟ್‌ಫಾರ್ಮುಗಳಿಗೆ 8ರಿಂದ 14ರವರೆಗಿನ ಸಂಖ್ಯೆಗಳನ್ನು ಕೊಟ್ಟ ಮೇಲೆ ಈ ತೊಡಕು ನೀಗಿತು. ಲಿನಕ್ಸ್ ತಂತ್ರಾಂಶದ ಪ್ಯಾಕೇಜು ಕಟ್ಟುವವರನ್ನು ಕಾಡುವ ತೊಡಕೂ ಇದೇ ಜಾತಿಯದು.

ತಂತ್ರಾಂಶವು ಹೇಗೆ ನಡೆಯಬೇಕೆಂಬ ನಿಯಮಗಳನ್ನು ಬರೆದಿಟ್ಟ ಕಡತಕ್ಕೆ ಸಂರಚನಾ ಕಡತವೆಂದು ಹೆಸರು. ಉದಾಹರಣೆಗೆ, ಲಿನಕ್ಸ್‌ನಲ್ಲಿ ಅಕ್ಷರಶೈಲಿಗಳನ್ನು ಆರಿಸಿಕೊಡುವ 'ಫಾಂಟ್‌ಕಾನ್ಫಿಗ್' ಎಂಬ ತಂತ್ರಾಂಶವನ್ನು ನೋಡಬಹುದು. ಕನ್ನಡಕ್ಕೆ ಕೇದಗೆ ಮೊದಲೋ, ಮಲ್ಲಿಗೆ ಮೊದಲೋ, ನವಿಲು ಮೊದಲೋ ಎಂಬ ನಿಯಮವನ್ನು ಬಳಕೆದಾರನು '/ಇಟಿಸಿ/ಫಾಂಟ್ಸ್' ಎಂಬಲ್ಲಿ ಬರೆದಿಡುತ್ತಾನೆ. ಆದರೆ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಕಾರಣವೇನು?

ಮೂಲದಿಂದ ತಂತ್ರಾಂಶವನ್ನು ಕಟ್ಟುವಾಗಲೇ, ಸಂರಚನಾ ಕಡತ ಇರುವ ವಿಳಾಸವು ಅದರೊಳಗೆ ಅಚ್ಚಾಗಿಬಿಡುತ್ತದೆ. ಕಟ್ಟುವವನು ಬೇರೇನನ್ನೂ ಸೂಚಿಸದಿದ್ದರೆ ರೂಢಿಯ ವಿಳಾಸ '/ಯುಎಸ್‌ಆರ್/ಲೋಕಲ್/ಇಟಿಸಿ' ಎಂದಾಗುತ್ತದೆ. ಬರೆದದ್ದು ಒಂದು ಕಡೆ, ಓದುವುದು ಇನ್ನೊಂದು ಕಡೆ. ಇವೇ ಎರಡು ದಾದರುಗಳು. ಆದುದರಿಂದ ಪ್ಯಾಕೇಜು ಕಟ್ಟುವಾಗ 'ಪ್ರಿಫಿಕ್ಸ್' ಎಂಬ ಸೂಚನೆಗೆ '/ಯುಎಸ್‌ಆರ್' ಎಂದೂ, 'ಸಿಸ್‌ಕಾನ್ಫ್‌ಡಿರ್' ಎಂಬುದಕ್ಕೆ '/ಇಟಿಸಿ' ಎಂದೂ ಸ್ಪಷ್ಟವಾಗಿ ಹೇಳಬೇಕು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಪ್ಯಾಕೇಜಿಗೆ ಸೇರಬೇಕಾದ ಕಡತಗಳನ್ನು ಮೊದಲು ಒಂದು ತಾತ್ಕಾಲಿಕ ಸ್ಥಳದಲ್ಲಿ ಕೂಡಿಡಬೇಕಾಗುತ್ತದೆ. ಆ ಸ್ಥಳವನ್ನು 'ಡೆಸ್ಟ್‌ಡಿರ್' ಎಂಬ ಸೂಚನೆಯಿಂದ ತಿಳಿಸಬೇಕಲ್ಲದೆ 'ಪ್ರಿಫಿಕ್ಸ್' ಆಗಿ ಕೊಡಲಾಗದು. ಹಾಗೆ ಕೊಟ್ಟರೆ ಕಟ್ಟುವವನ ಮನೆಯ ವಿಳಾಸವೇ ತಂತ್ರಾಂಶದಲ್ಲಿ ಅಚ್ಚಾಗುತ್ತದೆ. ಅವನ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಉಳಿದವರ ಯಂತ್ರಗಳಲ್ಲಿ ಆ ಮನೆಯೇ ಇರುವುದಿಲ್ಲ.

ದೋಷವನ್ನು ಕಂಡುಹಿಡಿಯಲು ಊಹೆಗಿಂತ ಪರೀಕ್ಷೆ ಮೇಲು. 'ಸ್ಟ್ರೇಸ್' ಎಂಬ ಉಪಕರಣವು, ನಡೆಯುತ್ತಿರುವ ತಂತ್ರಾಂಶ ಯಾವ ಯಾವ ಕಡತಗಳನ್ನು ತೆರೆಯಲು ಯತ್ನಿಸಿತು, ಯಾವುದು ದೊರೆಯಲಿಲ್ಲ ಎಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ಅಲ್ಲಿ ಕಂಡ ವಿಳಾಸವನ್ನೂ ಪ್ಯಾಕೇಜಿನೊಳಗಿನ ಕಡತಗಳ ಪಟ್ಟಿಯನ್ನೂ ಹೋಲಿಸಿದರೆ ತಪ್ಪು ತಾನಾಗಿ ಗೋಚರಿಸುತ್ತದೆ.

ಕೊನೆಯದಾಗಿ ಇನ್ನೊಂದು ಎಚ್ಚರ ಅಗತ್ಯ. ಬಳಕೆದಾರನು ತಿದ್ದಿಕೊಂಡ ಸಂರಚನೆಯನ್ನು ಹೊಸ ಆವೃತ್ತಿಯು ಅಳಿಸಿಹಾಕಬಾರದು. ಡೆಬಿಯನ್ ಪದ್ಧತಿಯಲ್ಲಿ ಇಂತಹ ಕಡತಗಳಿಗೆ 'ಕಾನ್ಫ್‌ಫೈಲ್' ಎಂಬ ಗುರುತು ಹಾಕಲಾಗುತ್ತದೆ. ಆರ್‌ಪಿಎಂ ಪದ್ಧತಿಯಲ್ಲಿ 'ನೋರಿಪ್ಲೇಸ್' ಎಂಬ ಸೂಚನೆಯುಂಟು. ದೂರದ ಊರಿನಲ್ಲಿ ಒಬ್ಬನು ತನ್ನ ಯಂತ್ರವು ಕನ್ನಡವನ್ನು ತನಗೊಪ್ಪುವ ಅಕ್ಷರಗಳಲ್ಲಿಯೇ ತೋರಿಸುವಂತೆ ಪಟ್ಟ ಶ್ರಮವು ಉಳಿಯುವುದೂ ಅಳಿಯುವುದೂ ಪ್ಯಾಕೇಜು ಕಟ್ಟಿದವನು ಬರೆದ ಈ ಒಂದು ಸಾಲನ್ನು ಅವಲಂಬಿಸಿದೆ.