ಗೊಂಬೆಹಬ್ಬಕ್ಕೆ ಬಂದ ಆಕಾಶನೌಕೆ

ಕಳೆದ ವರ್ಷ ನವರಾತ್ರಿಗೆ ನಮ್ಮ ಡೊಂಬಿವಲಿಯ ಮನೆಗೆ ಗೊಂಬೆ ನೋಡಲು ಬಂದ ಸಂಘದ ಬಂಧುಗಳಿಗೆ ಈ ಲೇಖನದ ವಿಷಯ ಆಗಲೇ ತಿಳಿದಿರಬೇಕು. ಪಟ್ಟದ ಗೊಂಬೆ, ದಶಾವತಾರ, ಶೆಟ್ಟರ ಅಂಗಡಿ ಇವೆಲ್ಲ ಎಂದಿನಂತೆ ಮೆಟ್ಟಿಲಿನ ಮೇಲೆ ಕುಳಿತಿದ್ದರೆ, ಅವುಗಳ ಮುಂದೆ ನೆಲದ ಮೇಲೆ ನಾಲ್ಕೂವರೆ ಅಡಿ ಉದ್ದದ ಬೂದು ಬಣ್ಣದ ಆಕೃತಿಯೊಂದು ತನ್ನ ನೂರಾರು ಕಿಟಕಿಗಳಲ್ಲಿ ದೀಪ ಹಚ್ಚಿಕೊಂಡು ಮಲಗಿತ್ತು. “ಇದನ್ನೆಲ್ಲಿ ಕೊಂಡಿರಿ?” ಎಂದು ಕೇಳಿದವರೇ ಹೆಚ್ಚು. ಕೊಂಡುದಲ್ಲ, ಕಟ್ಟಿದುದು ಎಂದರೆ ನಂಬಿದವರು ಕಡಮೆ. ಅಂದು ಅರಸಿನ ಕುಂಕುಮದ ಗಡಿಬಿಡಿಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ.

ನಾವು ಠಾಣೆಯ ಕಡೆಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಆಕಾಶನೌಕೆಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ತಂದವನು ಒಂಬತ್ತನೆಯ ತರಗತಿಯ ನಮ್ಮ ಮೊಮ್ಮಗ. ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ಮಾತು ಊಟವಾಯಿತೆ, ಫ್ಯಾನು ನಿಲ್ಲಿಸು ಎಂಬುದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ನಾವು ಕನ್ನಡದಲ್ಲಿ ಕೇಳುವುದು, ಅವನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವುದು. ಈ ಮಾಸಪತ್ರಿಕೆಯಲ್ಲದ, ಮೂರು ತಿಂಗಳಿಗೊಮ್ಮೆ ಬರುವ ನಮ್ಮ ಪತ್ರಿಕೆಯ ಓದುಗರಲ್ಲಿ ಎಷ್ಟು ಮನೆಗಳ ಕತೆ ಇದೇ ಅಲ್ಲವೆಂಬುದನ್ನು ಅವರವರೇ ಹೇಳಿಕೊಳ್ಳಲಿ.

ಏಪ್ರಿಲ್ ರಜೆಯಲ್ಲಿ ಒಂದು ದಿನ ಅವನು ಕೂಡಿಟ್ಟ ಹಣದಲ್ಲಿ ಕೊಂಡ ಪ್ಲಾಸ್ಟಿಕ್ ಟ್ಯಾಂಕಿನ ಕಿಟ್ಟನ್ನು ಬಿಚ್ಚಿ, ಟ್ಯಾಂಕು ಮಾಡುವುದನ್ನು ಬಿಟ್ಟು ಅದರ ಬಿಡಿಭಾಗಗಳನ್ನು ಕತ್ತರಿಸಿ ಬೇರೊಂದು ಹಲಗೆಗೆ ಅಂಟಿಸತೊಡಗಿದ. ಸಾವಿರಾರು ರೂಪಾಯಿಯ ವಸ್ತು! ನಮಗೆ ಸಿಟ್ಟು ಬಂದಿತು. ಹಾಳು ಮಾಡುತ್ತಿಲ್ಲ, ಸಿನಿಮಾದವರು ಹೀಗೆಯೇ ಮಾಡುವುದು ಎಂದು ಅವನು ಚಿತ್ರಗಳನ್ನು ತೋರಿಸಿದ. ನೋಡಿದೆವು. ಟೂಲ್‌ರೂಮಿನವನ ಕಣ್ಣಿಗೆ ಆ ಕೆಲಸ ಸುಳ್ಳು ಹೇಳುವಂತಿರಲಿಲ್ಲ.

ಅದರ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. 1965ರಲ್ಲಿ ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ಬಂದ ‘ಥಂಡರ್‌ಬರ್ಡ್ಸ್’ ಎಂಬ ಗೊಂಬೆಯಾಟದ ಸರಣಿಗೆ ಡೆರೆಕ್ ಮೆಡ್ಡಿಂಗ್ಸ್ ಎಂಬವರು ವಿಮಾನ, ರಾಕೆಟ್ಟುಗಳ ಮಾದರಿಗಳನ್ನು ಮಾಡಿಸುವಾಗ, ಅಂಗಡಿಯಲ್ಲಿ ಮಕ್ಕಳಿಗೆ ಮಾರುವ ಏರ್‌ಫಿಕ್ಸ್ ಕಿಟ್ಟುಗಳ ಭಾಗಗಳನ್ನು ಮೈಮೇಲೆ ಅಂಟಿಸಿ ಯಂತ್ರದ ಕಳೆ ಬರಿಸುತ್ತಿದ್ದರು. 1968ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕರ ‘2001: ಎ ಸ್ಪೇಸ್ ಒಡಿಸಿ’ ಬಂದಿತು. ಅದರಲ್ಲಿ ಗುರುಗ್ರಹದ ಕಡೆಗೆ ಹೋಗುವ ‘ಡಿಸ್ಕವರಿ’ ನೌಕೆಯ ದೊಡ್ಡ ಮಾದರಿ 54 ಅಡಿ ಉದ್ದವಿತ್ತು! ದೂರದ ನೋಟಗಳಿಗೆಂದು 15 ಅಡಿಯ ಇನ್ನೊಂದನ್ನು ಮಾಡಿದ್ದರು. ಅವುಗಳ ಮೈಮೇಲಿನ ಸಾವಿರಾರು ಸೂಕ್ಷ್ಮ ಭಾಗಗಳಲ್ಲಿ ಬಹಳಷ್ಟು ಇಂಥ ಕಿಟ್ಟುಗಳ ಪೆಟ್ಟಿಗೆಗಳಿಂದ ಬಂದವು.

1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಎಂಬಲ್ಲಿ ಒಂದು ಗೋದಾಮಿನಲ್ಲಿ ಕೆಲವರು ಯುವಕರು ಸೇರಿ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ನೌಕೆಗಳನ್ನು ಕಟ್ಟತೊಡಗಿದರು. ಜಾನ್ ಡೈಕ್‌ಸ್ಟ್ರಾ ಮೇಲ್ವಿಚಾರಕರು, ಗ್ರಾಂಟ್ ಮೆಕ್‌ಕ್ಯೂನ್ ಮಾದರಿ ವಿಭಾಗದ ಮುಖ್ಯಸ್ಥರು. ಟ್ಯಾಂಕು, ಯುದ್ಧನೌಕೆ, ರೇಸಿನ ಕಾರು, ಯಾವುದಾದರೂ ಸರಿ, ಅವರು ಕಿಟ್ಟುಗಳನ್ನು ರಾಶಿ ರಾಶಿಯಾಗಿ ತಂದು ಬಿಡಿಸಿದರು. ಹೀಗೆ ಅಂಟಿಸುವ ಚೂರುಗಳಿಗೆ ಅವರ ಮಾತಿನಲ್ಲಿ ‘ಗ್ರೀಬ್ಲಿ’ ಎಂದು ಹೆಸರು. ನಾವು ಮನೆಯಲ್ಲಿ ‘ಚಿಲ್ಲರೆ’ ಎಂದು ಕರೆದೆವು; ಆ ಹೆಸರೇ ನಿಂತಿತು.

1977ರಲ್ಲಿ ತೆರೆಗೆ ಬಂದ ಆ ಚಿತ್ರದ ಮೊದಲ ದೃಶ್ಯದಲ್ಲಿ ಓಡಿಹೋಗುತ್ತಿರುವ ಸಣ್ಣ ನೌಕೆಯನ್ನು ಅಟ್ಟಿಸಿಕೊಂಡು ದೈತ್ಯನೌಕೆಯೊಂದು ತಲೆಯ ಮೇಲಿನಿಂದ ಸಾಗುತ್ತ ಮುಗಿಯುವುದೇ ಇಲ್ಲವೇನೋ ಎನಿಸುತ್ತದೆ. ಆ ದೈತ್ಯನ ಉದ್ದ ಸುಮಾರು 3 ಅಡಿ ಮಾತ್ರ. ಓಡಿಹೋಗುವ ಸಣ್ಣ ನೌಕೆಯ ಮಾದರಿಯೇ ಸುಮಾರು 6 ಅಡಿ! ಅದನ್ನು ಮೊದಲು ನಾಯಕನ ನೌಕೆಗೆಂದು ಕಟ್ಟಿದ್ದರು. ‘ಸ್ಪೇಸ್: 1999’ ಎಂಬ ಟೆಲಿವಿಷನ್ ಸರಣಿಯ ನೌಕೆಯನ್ನು ಹೋಲುತ್ತದೆಂದು ಆಮೇಲೆ ಬೇರೆ ಪಾತ್ರ ಕೊಟ್ಟರು. ನೌಕೆ ಚಲಿಸಿದಂತೆ ಕಾಣುತ್ತದಾದರೂ ಬಹುಮಟ್ಟಿಗೆ ಚಲಿಸಿದುದು ಕ್ಯಾಮರಾ. ಒಮ್ಮೆ ಹೋದ ದಾರಿಯಲ್ಲೇ ಕೂದಲೆಳೆಯೂ ತಪ್ಪದಂತೆ ಮತ್ತೆ ಮತ್ತೆ ಹೋಗುವ ಹಾಗೆ ಅದಕ್ಕೆ ವಿದ್ಯುತ್ ಯಂತ್ರಗಳ ನಿಯಂತ್ರಣವನ್ನು ಜೋಡಿಸಿದ್ದರು.

ಮೂರಡಿಯ ವಸ್ತು ದೈತ್ಯವಾಗಿ ಕಾಣುವುದು ಹೇಗೆ? ಇದೇ ಈ ಕಲೆಯ ಗುಟ್ಟು. ಆಕಾಶದಲ್ಲಿ ಪಕ್ಕಕ್ಕೆ ಮರವಿಲ್ಲ, ಮನುಷ್ಯನಿಲ್ಲ, ಅಳತೆಗೆ ಏನೂ ಇಲ್ಲ. ಆಗ ಕಣ್ಣು ವಸ್ತುವಿನ ಮೈಮೇಲೆಯೇ ಅಳತೆಗೋಲನ್ನು ಹುಡುಕುತ್ತದೆ. ನುಣುಪಾದ ಮೈಯಿದ್ದರೆ ಅದು ಸೋಪಿನ ಡಬ್ಬಿ. ಅದೇ ಮೈಯಲ್ಲಿ ಸಣ್ಣದು, ಅದಕ್ಕಿಂತ ಸಣ್ಣದು, ಅದಕ್ಕಿಂತಲೂ ಸಣ್ಣದು ಎಂದು ಕೆಲಸ ಕಾಣುತ್ತ ಹೋದರೆ ಕಣ್ಣು ಸೋತು ‘ದೊಡ್ಡದು’ ಎಂದು ಒಪ್ಪಿಕೊಳ್ಳುತ್ತದೆ. ಹಳೇಬೀಡಿನ ಗೋಡೆಯ ಮುಂದೆ ನಿಂತವರಿಗೆ ಈ ಅನುಭವ ಆಗಿಯೇ ಇರುತ್ತದೆ. ಆನೆಯ ಸಾಲು, ಕುದುರೆಯ ಸಾಲು, ಅದರ ಮೇಲೆ ಬಳ್ಳಿ, ಅದರ ಮೇಲೆ ಕತೆ. ಗುಡಿ ಎಷ್ಟು ಎತ್ತರ ಎಂದು ಕೇಳಿದರೆ ಹೇಳಲು ತೋಚುವುದಿಲ್ಲ.

ನಮ್ಮ ನೌಕೆಗೆ ಕಿಟಕಿಯನ್ನೇ ಅಳತೆಗೋಲು ಮಾಡಿಕೊಂಡೆವು. ಒಂದು ಮಿಲಿಮೀಟರಿನ ತೂತು ಒಂದು ಮೀಟರ್ ಎತ್ತರದ ಕಿಟಕಿ ಎಂದಿಟ್ಟುಕೊಂಡರೆ ಪ್ರಮಾಣ ಸಾವಿರಕ್ಕೆ ಒಂದು. ನಾಲ್ಕೂವರೆ ಅಡಿಯ ನೌಕೆ ಒಂದು ಕಿಲೋಮೀಟರಿಗೂ ಮಿಕ್ಕಿ 1370 ಮೀಟರ್ ಆಯಿತು. ನಮ್ಮ ಹದಿನೈದು ಡಬ್ಬಿಯ ಲೋಕಲ್ ಗಾಡಿಗಳು ನಾಲ್ಕು ಒಂದರ ಹಿಂದೊಂದು ನಿಂತರೂ ಇದರ ಉದ್ದಕ್ಕೆ ಸಾಲವು. ಅಷ್ಟು ದೊಡ್ಡದರಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕೀತೇ ಎಂದು ನಮ್ಮ ಮನೆಯವರು ವಿಚಾರಿಸಿದರು.

ಸಾಮಗ್ರಿಯ ಮಾತು. ಮೈಗೆ ಒಂದು ಮತ್ತು ಎರಡು ಮಿಲಿಮೀಟರ್ ದಪ್ಪದ ಪಾಲಿಸ್ಟೈರೀನ್ ಹಾಳೆ. ಕಿಟ್ಟುಗಳೂ ಅದೇ ಜಾತಿಯ ಪ್ಲಾಸ್ಟಿಕ್ಕಾದ್ದರಿಂದ ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆ. ಹಿಂಭಾಗದ ಎಂಜಿನ್ನುಗಳಿಗೆ ಹಾರ್ಡ್‌ವೇರ್ ಅಂಗಡಿಯ ಪಿ.ವಿ.ಸಿ. ಕೊಳವೆ, ಅದಕ್ಕೆ ಕಿಟ್ಟಿನ ಅಂಟು ಹಿಡಿಯದು, ಅರಾಲ್ಡೈಟೇ ಬೇಕು. ದೀಪಗಳು ಲ್ಯಾಮಿಂಗ್ಟನ್ ರಸ್ತೆಯಿಂದ. ಒಟ್ಟು ಒಂಬತ್ತು ಕಿಟ್ಟು ಕೊಂಡೆವು, ಅದರಲ್ಲಿ ಆರು ಯಾರೋ ಅರ್ಧ ಮಾಡಿ ಬಿಟ್ಟವು, ಅಗ್ಗವಾಗಿ ಸಿಕ್ಕವು. ಉಳಿದ ಚಿಲ್ಲರೆಯೆಲ್ಲ ಮನೆಯದೇ: ಕೆಟ್ಟ ಪ್ರಿಂಟರಿನ ಹಲ್ಲಿನ ಚಕ್ರ, ಬಾಲ್‌ಪೆನ್ನಿನ ಮುಚ್ಚಳ, ಬಿಸಾಡುವ ರೇಜರು, ನಮ್ಮ ರಕ್ತದೊತ್ತಡದ ಮಾತ್ರೆಯ ಖಾಲಿ ಹಾಳೆ.

ಕೆಲಸ ನಡೆಯುವಾಗ ಮಾತು ಬೇಕೇ ಬೇಕು. “ಆ ಇಕ್ಕಳ ಕೊಡು.” ಇಕ್ಕಳವೆಂದರೇನು? ತೋರಿಸಿದೆವು. ಅರ, ತಿರುಪು, ಬೈರಿಗೆ, ರಸಮಟ್ಟ, ಮೂಲೆಮಟ್ಟ. ಇವುಗಳಿಗೆ ಅವನ ಹತ್ತಿರ ಬೇರೆ ಯಾವ ಭಾಷೆಯಲ್ಲೂ ಹೆಸರಿರಲಿಲ್ಲ. ಆದ್ದರಿಂದ ಕನ್ನಡದ ಹೆಸರು ತಂಟೆಯಿಲ್ಲದೆ ಒಳಗೆ ಹೋಯಿತು. ತೀಡು, ಉಜ್ಜು, ಕೊರೆ, ಒತ್ತಿ ಹಿಡಿ ಎಂಬ ಕ್ರಿಯಾಪದಗಳೂ ಹಿಂದೆಯೇ ಹೋದವು. ನಾವು ಪಾಠ ಹೇಳುತ್ತಿದ್ದೇವೆಂದು ಅವನಿಗೆ ಅನಿಸಿದ್ದರೆ ಅಂದೇ ಎದ್ದು ಹೋಗುತ್ತಿದ್ದ. ನಿಜ ಹೇಳಬೇಕೆಂದರೆ ನಮಗೂ ಆಗ ಅದು ಹೊಳೆದಿರಲಿಲ್ಲ.

ಚಿಲ್ಲರೆ ಅಂಟಿಸುವುದು ಮಕ್ಕಳಾಟ ಎಂದುಕೊಂಡಿದ್ದ ನಮಗೆ ಅದು ನಾಲ್ಕು ದಿನದಲ್ಲಿ ಬುದ್ಧಿ ಕಲಿಸಿತು. ಟ್ಯಾಂಕಿನ ಚಕ್ರ ಟ್ಯಾಂಕಿನ ಚಕ್ರವೆಂದು ಗುರುತು ಸಿಕ್ಕರೆ ಆಟ ಕೆಟ್ಟಿತು. ಅದನ್ನು ಬೋರಲು ಹಾಕಬೇಕು, ಇಲ್ಲವೆ ಅರ್ಧ ಕತ್ತರಿಸಬೇಕು, ಮೇಲೊಂದು ಪಟ್ಟಿ ಕೂರಿಸಬೇಕು. ಕೊಳವೆಯೊಂದು ಎಲ್ಲಿಂದಲೋ ಹೊರಟು ಎಲ್ಲಿಗಾದರೂ ಮುಟ್ಟಬೇಕು; ಸುಮ್ಮನೆ ಮಧ್ಯದಲ್ಲಿ ನಿಲ್ಲಬಾರದು. ಇಡೀ ಮೈಗೆ ತುಂಬುವುದು ಇನ್ನೂ ದೊಡ್ಡ ತಪ್ಪು. ಒಂದು ಕಡೆ ಕಿಕ್ಕಿರಿದರೆ ಪಕ್ಕದಲ್ಲಿ ಬಯಲು ಬಿಡಬೇಕು, ಕಣ್ಣಿಗೆ ದಣಿವಾರಿಸಿಕೊಳ್ಳಲು ಜಾಗ ಬೇಕು. ಮೊಮ್ಮಗನಿಗೆ ತುಂಬುವ ಆಸೆ, ನಮಗೆ ಬಿಡುವ ಆಸೆ. ಇದರಿಂದ ಒಂದೆರಡು ಜಗಳಗಳೂ ಆದವು.

ಇನ್ನು ನಮ್ಮ ಪ್ರಮಾದದ ವಿಷಯ. ನೌಕೆಯ ಬೆನ್ನಿಗೆ ಲೋಹದ ಕೊಳವೆ ಹಾಕಬೇಕು, ಸಿನಿಮಾದವರು ಹಾಕುತ್ತಾರೆ ಎಂದು ಹುಡುಗ ಮೊದಲೇ ಹೇಳಿದ್ದ. ಐದಾರು ಕಿಲೋದ ವಸ್ತುವಿಗೆ ಅದೇಕೆ, ಪ್ಲಾಸ್ಟಿಕ್ಕಿನ ಅಡ್ಡಗೋಡೆಗಳೇ ಸಾಕು ಎಂದು ಟೂಲ್‌ರೂಮಿನ ದೊಡ್ಡಸ್ತಿಕೆಯಿಂದ ತಳ್ಳಿಹಾಕಿದವರು ನಾವು. ಎರಡು ಸ್ಟೂಲುಗಳ ಮೇಲೆ ಎರಡು ತುದಿ ಇಟ್ಟು ಕೆಲಸ ಮಾಡಿದೆವು. ಜುಲೈ ಮಳೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ನಡುಭಾಗ ಬೆರಳಗಲ ಜೋತುಬಿದ್ದಿತ್ತು. ಅಷ್ಟೇ ಅಲ್ಲ, ಮೇಲಿನ ಹಾಳೆ ಅಡ್ಡಗೋಡೆಗಳ ಮಧ್ಯೆ ಒಳಕ್ಕೆ ಕುಸಿದು, ಬಡಕಲು ದನದ ಪಕ್ಕೆಯಂತೆ ಕಾಣುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಕಿಟ್ಟಿನ ಅಂಟು ನಿಜವಾಗಿ ಅಂಟಲ್ಲ, ದ್ರಾವಕ. ಎರಡು ಮುಖಗಳನ್ನೂ ಕರಗಿಸಿ, ತಾನು ಆವಿಯಾಗಿ ಹೋದಮೇಲೆ ಎರಡನ್ನೂ ಒಂದು ಮಾಡುತ್ತದೆ. ಆದರೆ ಹೋಗಲು ದಾರಿ ಬೇಕಲ್ಲ? ನಾವು ಒಳಗಡೆ ಧಾರಾಳವಾಗಿ ಹಚ್ಚಿ ಎಲ್ಲ ಕಡೆಯಿಂದಲೂ ಬಿಗಿಯಾಗಿ ಮುಚ್ಚಿಬಿಟ್ಟಿದ್ದೆವು. ಒಳಗೆ ಸಿಕ್ಕಿಬಿದ್ದ ಆವಿ ಹಾಳೆಯನ್ನೇ ಮೆತ್ತಗೆ ಮಾಡಿತ್ತು. ಕಾಣದ ಕಡೆ ನಾಲ್ಕು ತೂತು ಕೊರೆದಿದ್ದರೆ ಸಾಕಿತ್ತು. (ಈ ಆವಿ ಮನುಷ್ಯನಿಗೂ ಒಳ್ಳೆಯದಲ್ಲ. ಮಾಡುವವರು ಕಿಟಕಿ ತೆರೆದಿಟ್ಟುಕೊಂಡೇ ಮಾಡಬೇಕು.)

ಮೂರು ತಿಂಗಳ ಕೆಲಸ. ಹುಡುಗ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನೌಕೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ. ಶಾಲೆ, ಟ್ಯೂಶನ್, ಪರೀಕ್ಷೆ ಎಂದು ಮತ್ತೆ ಊಟವಾಯಿತೆ, ಫ್ಯಾನು ನಿಲ್ಲಿಸು ಎಂಬಲ್ಲಿಗೇ ಬಂದೆವು. ಎರಡು ವಾರ ಕಳೆಯಿತು. ನಾವು ಕಿಟಕಿ ಮಾಡುವವನ ಅಂಗಡಿಗೆ ಹೋಗಿ ಅಲ್ಯುಮಿನಿಯಮ್ಮಿನ ಚೌಕ ಕೊಳವೆಯನ್ನು ನಾಲ್ಕಡಿಗೆ ಕತ್ತರಿಸಿ ತಂದು, ಏನೂ ಹೇಳದೆ ಅವನ ಮೇಜಿನ ಪಕ್ಕ ಒರಗಿಸಿಟ್ಟೆವು. ಕ್ಷಮಾಪಣೆ ಕೇಳುವ ಅಭ್ಯಾಸ ನಮ್ಮ ತಲೆಮಾರಿಗೆ ಕಡಮೆ. ಅಂದು ರಾತ್ರಿ ಒಳಗಿನಿಂದ ಕೂಗು ಬಂದಿತು: “ತಾತ, ಮೂಲೆಮಟ್ಟ ಎಲ್ಲಿಟ್ಟೆ?”

ಮೇಲಿನ ಹಾಳೆಯನ್ನು ಪೂರ್ತಿ ಕಿತ್ತು, ಬೆನ್ನೆಲುಬು ಸೇರಿಸಿ, ಹೊಸ ಹಾಳೆ ಹೊದಿಸಿದೆವು. ಈ ಸಲ ಹುಡುಗ ಯಜಮಾನ, ನಾವು ಕೂಲಿ. ಕಿಟಕಿಗಳನ್ನು ಕೈಬೈರಿಗೆಯಿಂದ ಕೊರೆದುದು ನಾನೂರ ಹನ್ನೆರಡು. ನಮ್ಮ ಕೈ ಈಗ ಸ್ವಲ್ಪ ನಡುಗುವುದರಿಂದ ಮುನ್ನೂರಕ್ಕೂ ಹೆಚ್ಚು ಅವನದೇ. ಒಳಗೆ ದೀಪ ಹಾಕಿದರೆ ತೆಳು ಪ್ಲಾಸ್ಟಿಕ್ಕಿನ ಮೂಲಕ ಇಡೀ ಮೈ ಲಾಟೀನಿನಂತೆ ಬೆಳಗಿತು. ಒಳಗೆಲ್ಲ ಮೊದಲು ಕಪ್ಪು, ಮೇಲೆ ಬಿಳಿ ಬಣ್ಣ ಬಳಿದ ಮೇಲೆ ಬೆಳಕು ಕಿಟಕಿಗಳಿಂದ ಮಾತ್ರ ಬರತೊಡಗಿತು.

ಬಣ್ಣದ ದಿನವನ್ನು ನಾವು ಮರೆಯುವಂತಿಲ್ಲ. ಅಲ್ಲಿಯವರೆಗೆ ಅದು ಹಸಿರು ಟ್ಯಾಂಕು, ಬೂದು ಹಡಗು, ಬಿಳಿ ಹಾಳೆ, ಕೆಂಪು ಮುಚ್ಚಳಗಳ ಕಸದ ತೊಟ್ಟಿಯೇ ಸರಿ. ಮಾಳಿಗೆಯ ಮೇಲೆ ಒಯ್ದು ಬೂದು ಪ್ರೈಮರ್ ಸಿಂಪಡಿಸಿದ ಹತ್ತು ನಿಮಿಷದಲ್ಲಿ ಆ ಎಲ್ಲ ಚೂರುಗಳೂ ತಮ್ಮ ಹುಟ್ಟನ್ನು ಮರೆತು ಒಂದೇ ವಸ್ತುವಾದವು. ರೇಜರೆಲ್ಲಿ, ಪ್ರಿಂಟರೆಲ್ಲಿ ಎಂದು ನಮಗೇ ಹುಡುಕಬೇಕಾಯಿತು. ಪಕ್ಕದ ಮನೆಯ ಮರಾಠಿ ಗೃಹಸ್ಥರು ಹಪ್ಪಳ ತೆಗೆಯಲು ಬಂದವರು ಹಪ್ಪಳವನ್ನು ಅಲ್ಲಿಯೇ ಬಿಟ್ಟು ನಿಂತರು.

ಇಷ್ಟು ಶ್ರಮದಿಂದ ಮಾಡಿದುದನ್ನು ಚಿತ್ರೀಕರಣ ಮುಗಿದ ಮೇಲೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ಸಂಕಟವಾಗುತ್ತದೆ. ‘2001’ರ ಮಾದರಿಗಳಲ್ಲಿ ಹೆಚ್ಚಿನವು ನಾಶವಾದವು. ಹೇಗೋ ಉಳಿದ, ಚಂದ್ರನ ಮೇಲೆ ಇಳಿಯುವ ‘ಏರೀಸ್’ ನೌಕೆಯ ಮಾದರಿ 2015ರಲ್ಲಿ ಹರಾಜಿಗೆ ಬಂದಾಗ ಆಸ್ಕರ್ ಕೊಡುವ ಅಕಾಡೆಮಿಯವರು 3 ಲಕ್ಷ 44 ಸಾವಿರ ಡಾಲರಿಗೆ ಕೊಂಡರು. ‘ಸ್ಟಾರ್ ವಾರ್ಸ್’ನ ಒಂದು ಸಣ್ಣ ಯುದ್ಧವಿಮಾನದ ಮಾದರಿ ದಶಕಗಳ ಕಾಲ ಎಲ್ಲಿದೆಯೆಂದೇ ತಿಳಿಯದಿದ್ದು, ಗ್ರೆಗ್ ಜೈನ್ ಎಂಬ ಹೆಸರಾಂತ ಮಾದರಿ ಕುಶಲಿ ತೀರಿಕೊಂಡ ಮೇಲೆ ಅವರ ಸಂಗ್ರಹದಲ್ಲಿ ಸಿಕ್ಕಿ, 2023ರಲ್ಲಿ 31 ಲಕ್ಷ ಡಾಲರಿಗೂ ಮೇಲೆ ಹೋಯಿತು!

ಈ ಜೈನ್ ಅವರೇ 1977ರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರದ ಮಹಾನೌಕೆಯನ್ನು ಕಟ್ಟಿದ ತಂಡದ ಮುಖ್ಯಸ್ಥರು. ಅದೀಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೈಮೇಲೆ ಕಟ್ಟಿದವರು ತಮಾಷೆಗೆಂದು ಒಂದು ಅಂಚೆಪೆಟ್ಟಿಗೆ, ಫೋಕ್ಸ್‌ವ್ಯಾಗನ್ ವ್ಯಾನು, ಪುಟ್ಟ ಸ್ಮಶಾನವನ್ನೂ ಅಡಗಿಸಿಟ್ಟಿದ್ದಾರೆ. ತೆರೆಯ ಮೇಲೆ ಯಾರಿಗೂ ಕಾಣುವಂತಿಲ್ಲ.

ಈ ಸಂಗತಿಯನ್ನು ಮೊಮ್ಮಗನಿಗೆ ಹೇಳಬಾರದಿತ್ತೋ ಏನೋ. ಮಹಾಲಯ ಅಮಾವಾಸ್ಯೆಯ ದಿನ ಗೊಂಬೆಯ ಪೆಟ್ಟಿಗೆ ಬಿಚ್ಚಿ ಜೋಡಿಸುತ್ತಿದ್ದ ನಮ್ಮ ಮನೆಯವರು ಶೆಟ್ಟರ ಅಂಗಡಿಯ ತಕ್ಕಡಿ ಕಾಣುವುದಿಲ್ಲವೆಂದು ಮನೆಯೆಲ್ಲ ತಡಕಾಡಿದರು. ಅವರ ತಾಯಿ ಮೈಸೂರಿನಿಂದ ಕೊಟ್ಟು ಕಳಿಸಿದ ಹಿತ್ತಾಳೆಯ ತಕ್ಕಡಿ, ಹೆಬ್ಬೆರಳಿನಷ್ಟಿದೆ. ನಮಗೂ ಗೊತ್ತಿರಲಿಲ್ಲ. ಮೂರನೆಯ ದಿನ ಸಂಜೆ, ಬಂದವರಿಗೆಲ್ಲ ಕಿಟಕಿ ಕೊರೆದ ಕತೆಯನ್ನು ಕನ್ನಡದಲ್ಲಿ ತಡವರಿಸುತ್ತ ಹೇಳುತ್ತಿದ್ದ ಹುಡುಗ ಅಜ್ಜಿಯನ್ನು ಕರೆದು ಎರಡನೆಯ ಎಂಜಿನ್ನಿನ ಕೆಳಗೆ ಟಾರ್ಚು ಬಿಟ್ಟು ತೋರಿಸಿದ. ಬೂದು ಬಣ್ಣ ಬಳಿದುಕೊಂಡು ತಕ್ಕಡಿ ಅಲ್ಲಿತ್ತು. ಆಕೆ ಬಹಳ ಹೊತ್ತು ನೋಡಿ, “ಅರಾಲ್ಡೈಟೋ, ಆ ಕರಗಿಸುವ ಅಂಟೋ?” ಎಂದು ಕೇಳಿದರು. ಅರಾಲ್ಡೈಟು ಎಂದು ತಿಳಿದ ಮೇಲೆ, ಇನ್ನು ಕೀಳುವುದು ಬೇಡ ಎಂದರು. ಈ ವರ್ಷ ಶೆಟ್ಟರಿಗೆ ಬೇರೆ ತಕ್ಕಡಿ ಆಗಬೇಕು; ಒಂದು ಕಿಟ್ಟಿನ ಚೂರಿನಿಂದ ಮಾಡಿಕೊಡಲು ಹುಡುಗ ಒಪ್ಪಿದ್ದಾನೆ.