ಬಾಗಿದ ಬೆನ್ನಿಗೆ ಹಂತ ಹಂತದ ಆರೈಕೆ

ಬೆಳಿಗ್ಗೆ ಎದ್ದೊಡನೆ ನಿಮ್ಮ ಬೆನ್ನು ಹಿಡಿದಂತಾಗುತ್ತದೆಯೇ? ನಡೆಯುವಾಗ ತಲೆ ಮುಂದಕ್ಕೆ ಬಾಗುತ್ತಿದೆ ಎಂದು ಮನೆಯವರು ಹೇಳುತ್ತಾರೆಯೇ? ಕೋಲಾರದಲ್ಲಿ ಟೊಮೆಟೊ ಕೀಳುವವರು, ಮಾಲೂರಿನ ಇಟ್ಟಿಗೆ ಕೆಲಸದವರು, ಮುಳಬಾಗಿಲಿನಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುವವರು, ಶ್ರೀನಿವಾಸಪುರದಲ್ಲಿ ಮಾವು ತುಂಬುವವರು, ಎಲ್ಲರದೂ ಬಗ್ಗಿ ಮಾಡುವ ಕೆಲಸವೇ. ವರ್ಷಗಟ್ಟಲೆ ಹೀಗೆ ದುಡಿದರೆ ಎದೆಯ ಸ್ನಾಯುಗಳು ಬಿಗಿಯುತ್ತವೆ, ಬೆನ್ನಿನ ಸ್ನಾಯುಗಳು ಸೋಲುತ್ತವೆ, ದೇಹದ ಸಮತೋಲ ತಪ್ಪುತ್ತದೆ.

ಇದನ್ನು ಒಂದೇ ದಿನದ ತಿಕ್ಕುವಿಕೆಯಿಂದ ಸರಿಪಡಿಸಲಾಗದು. ಕೈಯಿಂದ ಒತ್ತಿ ದೇಹವನ್ನು ಸಡಿಲಿಸುವ ಪದ್ಧತಿ ರೂಪಿಸಿದ ಅಮೆರಿಕದ ಈಡಾ ರಾಲ್ಫ್ ಅವರೂ ಅದನ್ನು 10 ಸರದಿಗಳಾಗಿ ವಿಂಗಡಿಸಿದ್ದರು. ನಮ್ಮ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರದೂ ಇದೇ ದಾರಿ. ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ಟೈಫಾಯ್ಡ್‌ಗಳಿಂದ ನರಳಿ ಬಡಕಲಾಗಿದ್ದ ಅವರು, ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರಿಂದ ಯೋಗ ಕಲಿತು ಚೇತರಿಸಿಕೊಂಡರು. ಗೋಡೆ, ಕುರ್ಚಿ, ಹಗ್ಗ, ಮರದ ತುಂಡುಗಳ ಆಸರೆಯಿಂದ ದುರ್ಬಲರಿಗೂ ಆಸನ ಸಾಧ್ಯವೆಂದು ತೋರಿಸಿದರು. 1966ರ ಅವರ ಗ್ರಂಥದಲ್ಲಿ ಅಭ್ಯಾಸವನ್ನು ವಾರಗಳ ಲೆಕ್ಕದಲ್ಲೇ ಹಂಚಿದ್ದಾರೆ.

ಮೊದಲು ಈ ಪರೀಕ್ಷೆ

ನಮ್ಮ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಮೂಳೆ, ಸ್ನಾಯುಬಂಧಗಳಲ್ಲಿ ಸೇರಿ ಬೆನ್ನನ್ನು ಪೆಡಸಾಗಿಸುತ್ತದೆ. ಆದ್ದರಿಂದ ಮೂರನ್ನು ನಿಧಾನವಾಗಿ ಮಾಡಿ ನೋಡಿ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ನೋವಿನಿಂದ ಇವು ಆಗದಿದ್ದರೆ, ಹಲ್ಲಿನ ಮೇಲೆ ಕಂದು ಕಲೆಯೂ ಇದ್ದರೆ, ವೈದ್ಯರನ್ನು ಕಾಣಿ. ಮೂತ್ರ ಪರೀಕ್ಷೆ ಮತ್ತು ಕ್ಷಕಿರಣದಿಂದ ಕಾಯಿಲೆ ಗೊತ್ತಾಗುತ್ತದೆ. ಫ್ಲೋರೋಸಿಸ್‌ನಿಂದ ಪೆಡಸಾದ ಬೆನ್ನನ್ನು ಬಲವಂತವಾಗಿ ಒತ್ತಿಸಿಕೊಂಡರೆ ಅಪಾಯ. ಅಲ್ಲಿ ಮೊದಲ ಮದ್ದು ನೀರು ಬದಲಿಸುವುದು. ಲೀಟರಿಗೆ 1 ಮಿಲಿಗ್ರಾಂ ಮೀರದ ನೀರು ಒಳ್ಳೆಯದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೆನಪಿರಲಿ.

ನಾಲ್ಕು ಹಂತಗಳು

ವೈದ್ಯರು ಅಡ್ಡಿಯಿಲ್ಲವೆಂದರೆ ದಿನಕ್ಕೆ 15 ನಿಮಿಷ ಸಾಕು. ಒಂದೊಂದು ಹಂತಕ್ಕೆ ಎರಡು ವಾರ ಕೊಡಿ.

1. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ, ಪೃಷ್ಠ, ಭುಜದ ಹಲಗೆಗಳು ಗೋಡೆಗೆ ತಾಗಲಿ. ಎರಡೂ ಪಾದಗಳ ಮೇಲೆ ಭಾರ ಸಮವಾಗಿರಲಿ.

2. ಕಂಬಳಿಯನ್ನು ಸುರುಳಿ ಸುತ್ತಿ ಬೆನ್ನಿನ ಮೇಲ್ಭಾಗದ ಕೆಳಗಿಟ್ಟು ಅಂಗಾತ ಮಲಗಿ. ಎದೆ ತೆರೆದುಕೊಳ್ಳುತ್ತದೆ. ಉಸಿರು ಸಹಜವಾಗಿರಲಿ.

3. ಮಲಗಿಯೇ ಒಂದು ಪಾದಕ್ಕೆ ಟವೆಲ್ ಹಾಕಿ, ಕಾಲನ್ನು ಆಗುವಷ್ಟು ಮಾತ್ರ ಮೇಲಕ್ಕೆತ್ತಿ. ತೊಡೆಯ ಹಿಂಭಾಗ ಸಡಿಲಾಗುತ್ತದೆ.

4. ಗೋಡೆ ಹಿಡಿದು ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲಿ. ಅಭ್ಯಾಸವಾದ ಮೇಲೆ ಒಂದೇ ಬೆರಳಿನ ಆಸರೆ ಸಾಕು. ವೃದ್ಧರು ಬೀಳುವುದನ್ನು ಇಂಥ ಸಮತೋಲದ ವ್ಯಾಯಾಮಗಳು ತಗ್ಗಿಸುತ್ತವೆಂದು ಅಧ್ಯಯನಗಳು ತೋರಿಸಿವೆ.

ಯಾರು ಮಾಡಬಾರದು?

ಮೂಳೆ ಟೊಳ್ಳಾದವರು, ಇತ್ತೀಚೆಗೆ ಬಿದ್ದವರು, ಕಾಲು ಜೋಮು ಹಿಡಿಯುವವರು ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು. ಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಒಂದು ಹಂತ ಸಲೀಸಾಗುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. ಎಳೆತ ಅನ್ನಿಸಬಹುದು, ನೋವಾದರೆ ನಿಲ್ಲಿಸಿ. ವರ್ಷಗಳಿಂದ ಬಾಗಿದ ಬೆನ್ನು ನೆಟ್ಟಗಾಗಲು ಕೆಲವು ವಾರ, ತಿಂಗಳು ಹಿಡಿಯುವುದು ಸಹಜವೇ. ಹೊಲದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನೆಟ್ಟಗೆ ನಿಲ್ಲುವುದನ್ನು ಮಾತ್ರ ಇಂದೇ ಆರಂಭಿಸಿ.