‘ಪ್ರೈವೇಟ್’ ಅಂದ್ರೆ ಯಾರಿಂದ ಪ್ರೈವೇಟ್?

ಚೇಳೂರಿನ ಹಲಸಿನ ಮಾರುಕಟ್ಟೆಯಲ್ಲಿ ಬರೀ ಮಾತು ನಂಬಿ ಯಾರು ಹಣ್ಣು ಕೊಳ್ತಾರೆ? ಬಡಿದು ನೋಡ್ತೀವಿ, ಮೂಸಿ ನೋಡ್ತೀವಿ, ಆದರೆ ಒಂದು ತೊಳೆ ರುಚಿ ನೋಡಿಯೇ ದುಡ್ಡು ಕೊಡ್ತೀವಿ. ಫೋನಿಗೆ ಬ್ರೌಸರ್ ಹಾಕಿಕೊಳ್ಳುವಾಗ ಮಾತ್ರ ‘ಸಂಪೂರ್ಣ ಪ್ರೈವೇಟ್’ ಎಂಬ ಒಂದು ಸಾಲು ಸಾಕು, ಇನ್‌ಸ್ಟಾಲ್ ಒತ್ತಿಬಿಡ್ತೀವಿ.

ಇನ್‌ಕಾಗ್ನಿಟೋ ಮರೆಮಾಡುವುದು ಏನನ್ನು?

ಕಾಯಿಲೆ, ಸಾಲ, ಹೊಸ ಕೆಲಸದ ಹುಡುಕಾಟಕ್ಕೆಲ್ಲ ನಾವು ತೆರೆಯೋದು ಇನ್‌ಕಾಗ್ನಿಟೋ. ಅದು ಅಳಿಸುವುದು ನಿಮ್ಮ ಫೋನಿನಲ್ಲಿ ಉಳಿಯುವ ಹಿಸ್ಟರಿ, ಕುಕೀಗಳನ್ನು ಮಾತ್ರ. ಆಫೀಸಿನ ವೈಫೈ, ಇಂಟರ್‌ನೆಟ್ ಕಂಪನಿ, ನೀವು ಹೋದ ಜಾಲತಾಣ ಇವರಿಗೆಲ್ಲ ನಿಮ್ಮ ಓಡಾಟ ಕಾಣಬಹುದು. ಇದೇ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸು ಬಿತ್ತು. 2024ರ ರಾಜಿಯಲ್ಲಿ ಕೋಟ್ಯಂತರ ದಾಖಲೆ ಅಳಿಸಲು ಕಂಪನಿ ಒಪ್ಪಿತು. ಇನ್‌ಕಾಗ್ನಿಟೋ ಪುಟದ ಎಚ್ಚರಿಕೆಯ ಮಾತೂ ಬದಲಾಯಿತು.

‘ಪ್ರೈವೆಸಿ’ಯೇ ಬ್ರ್ಯಾಂಡ್ ಆದವರೂ ಹೊರತಲ್ಲ. ಡಕ್‌ಡಕ್‌ಗೋ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು ಬಿಟ್ಟುಕೊಡುತ್ತಿದೆ ಎಂದು 2022ರ ಮೇ ತಿಂಗಳಲ್ಲಿ ಹೊರಗಿನ ಸಂಶೋಧಕರೊಬ್ಬರು ತೋರಿಸಿಕೊಟ್ಟರು. ಕಾರಣ, ಸರ್ಚ್ ಒಪ್ಪಂದ. ಆಗಸ್ಟ್‌ನಲ್ಲಿ ಕಂಪನಿ ಆ ಕಿಂಡಿಯನ್ನು ಬಹುಪಾಲು ಮುಚ್ಚಿತು. ಗುಟ್ಟು ಬಯಲಾಗಿದ್ದು ಜಾಹೀರಾತಿನಿಂದಲ್ಲ, ಪರೀಕ್ಷೆಯಿಂದ.

ನೀವೇ ಬಡಿದು ನೋಡಿ

* ಯಾರಿಂದ ರಕ್ಷಣೆ ಅಂತ ಕೇಳಿ. ಮನೆಯವರಿಂದಲೋ, ಜಾಹೀರಾತು ಕಂಪನಿಯಿಂದಲೋ, ಬ್ರೌಸರ್ ಮಾಡಿದವರಿಂದಲೋ? ಮೂರೂ ಬೇರೆ ಬೇರೆ.
* ದುಡ್ಡು ಎಲ್ಲಿಂದ ಬರುತ್ತೆ ನೋಡಿ. ಜಾಹೀರಾತೇ ಆದಾಯವಾದರೆ ಇನ್ನೊಂದು ಪ್ರಶ್ನೆ ಹೆಚ್ಚು ಕೇಳಿ.
* ಡಿಫಾಲ್ಟ್ ಏನಿದೆ? ಬೇರೆ ತಾಣಗಳ ಕುಕೀಗಳನ್ನು ಸಫಾರಿ 2020ರಿಂದಲೇ ತಾನಾಗಿ ತಡೆಯುತ್ತದೆ. ಫೈರ್‌ಫಾಕ್ಸ್ ಒಂದೊಂದು ತಾಣದ ಕುಕೀಯನ್ನೂ ಬೇರೆ ಡಬ್ಬಿಯಲ್ಲಿಡುತ್ತದೆ. ಕ್ರೋಮ್‌ನ ಮಾಮೂಲಿ ಕಿಟಕಿಯಲ್ಲಿ ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ತಡೆಯಬೇಕು.
* ‘ಕವರ್ ಯುವರ್ ಟ್ರ್ಯಾಕ್ಸ್’ ತಾಣ ತೆರೆಯಿರಿ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ನಡೆಸುವ ಉಚಿತ ಪರೀಕ್ಷೆಯಿದು. ಟ್ರ್ಯಾಕರ್ ತಡೆ ಎಷ್ಟಿದೆ, ಕುಕೀ ಇಲ್ಲದೆಯೂ ಸ್ಕ್ರೀನ್ ಅಳತೆ, ಭಾಷೆ, ಫಾಂಟ್‌ಗಳಿಂದಲೇ ನಿಮ್ಮ ಫೋನನ್ನು ಗುರುತಿಸಬಹುದೇ ಎಂದು ತೋರಿಸುತ್ತದೆ.

ಇಷ್ಟೆಲ್ಲ ಮಾಡಿ ಅದೇ ಕಿಟಕಿಯಲ್ಲಿ ಜಿಮೇಲ್‌ಗೆ ಲಾಗಿನ್ ಆದರೆ, ಬಾಗಿಲು ಹಾಕಿ ಬೀಗದ ಕೈ ಹೊರಗೆ ನೇತುಹಾಕಿದ ಹಾಗೆ!

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರೊಬ್ಬರು ಕೋರ್ಟಿನ ಮೆಟ್ಟಿಲು ಹತ್ತಿ ಹಕ್ಕು ಗೆದ್ದುಕೊಟ್ಟಿದ್ದಾರೆ. ಸೆಟ್ಟಿಂಗ್ಸ್ ತೆರೆದು ನೋಡುವ ಐದು ನಿಮಿಷ ಮಾತ್ರ ನಮ್ಮ ಪಾಲಿನದು.